ಉಯಿಲಿಗೆ ಇಬ್ಬರು ಸಾಕ್ಷಿಗಳು

ಅಪ್ಪನಿಗೆ,

ನೀವು ಹೇಳಿದಂತೆಯೇ ಉಯಿಲು ಬರೆದು ಕಳಿಸುತ್ತಿದ್ದೇನೆ. "ಇವಳು ವ್ಯವಹಾರಾನೂ ಓದಿದಾಳೆ, ಕಾನೂನೂ ಓದಿದಾಳೆ, ಹೊರಗಿನ ವಕೀಲ ಯಾಕೆ?" ಎಂದು ನನ್ನೆದುರೇ ಅಣ್ಣನಿಗೆ ಹೇಳಿದಿರಲ್ಲ. ಮನೆ, ಹೊಲಿಗೆ ಕಾರ್ಖಾನೆ, ಎರಡನ್ನೂ ಅವನ ಹೆಸರಿಗೇ ಬರೆದಿದ್ದೇನೆ.

ವ್ಯವಹಾರ ಓದಿದವಳಾಗಿ ಒಂದು ಮಾತು. ಯಂತ್ರಗಳ ಸದ್ದಿಗೇ ತಲೆನೋವು ಎನ್ನುವವನ ಕೈಯಲ್ಲಿ ಕಾರ್ಖಾನೆ ಬಹಳ ದಿನ ಬಾಳುವುದಿಲ್ಲ. ಆಸ್ಪತ್ರೆಗಳ ಸಮವಸ್ತ್ರದ ಗುತ್ತಿಗೆ ತಂದು ಅದಕ್ಕೆ ಬೀಗ ಬೀಳದಂತೆ ನೋಡಿಕೊಂಡವರು ಯಾರು ಎಂದು ಟೈಲರುಗಳನ್ನೇ ಕೇಳಿ. ನೀವು ಕೇಳುವುದಿಲ್ಲ, ಗೊತ್ತು. "ನೀನು ಹೇಗೋ ದುಡ್ಕೊಂಡು ತಿಂತೀಯ, ಅವನಿಗೇನು ಬರತ್ತೆ ಪಾಪ" ಎಂದಿರಿ. ಜಾಣೆಯಾಗಿದ್ದಕ್ಕೆ ದಂಡ ತೆತ್ತವಳು ನಾನೊಬ್ಬಳೇ ಇರಬೇಕು. ಅಮ್ಮನ ಹೆಸರೇ ಇಲ್ಲವಲ್ಲ ಎಂದರೆ, "ಅವಳಿಗ್ಯಾಕೆ, ಮಗ ನೋಡ್ಕೋತಾನೆ" ಎಂದಿರಿ.

ವಕೀಲೆಯಾಗಿ ಇನ್ನೊಂದು ಮಾತು. ನಿಮ್ಮೆದುರಿಗೇ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಉಯಿಲಿನಿಂದ ಏನೂ ಸಿಗದವರೇ ಸಾಕ್ಷಿಯಾಗಬೇಕೆಂಬುದು ನಿಯಮ. ಅಂಥವರನ್ನು ಹುಡುಕಿಕೊಂಡು ಬೀದಿ ಅಲೆಯಬೇಡಿ. ಮನೆಯಲ್ಲೇ ಅಮ್ಮ ಇದ್ದಾಳೆ. ಭಾನುವಾರ ನಾನೂ ಬರುತ್ತೇನೆ.

ಇಂತಿ,
ನಿಮ್ಮ ವಕೀಲೆ