ಗಾಳಿಗೆ ತೆರೆಯದ ಗೇಟು

ನಮ್ಮ ಮನೆ, ಮುಂದಿನ ಕೋಣೆ
ಮಂಗಳವಾರ, ಅಕ್ಟೋಬರ್ ೯

ಪ್ರೀತಿಯ ತಮ್ಮಾ,

ನೀನು, ನಿನ್ನ ಹೆಂಡತಿ, ಅವಳ ತಲೆನೋವು ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಬೆನ್ನು ಹೇಗಿದೆ? ನಿಂತು ಪಾಠ ಮಾಡುವವರಿಗೆ ಅದು ತಪ್ಪಿದ್ದಲ್ಲ, ರಾತ್ರಿ ಬಿಸಿನೀರಿನ ಚೀಲ ಇಟ್ಟುಕೊ. ಇಲ್ಲಿ ಅಪ್ಪನ ಮಂಡಿ ಎಂದಿನಂತೆ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕು. ನನ್ನ ಆರೋಗ್ಯ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ದಿನಕ್ಕೆ ಆರು ಗಂಟೆ ನಡೆದು ನಡೆದು ಹೊಟ್ಟೆ ಕರಗಿದೆ, ಹಾಸಿಗೆಗೆ ಬಿದ್ದರೆ ಸತ್ತಂತೆ ನಿದ್ದೆ.

ನಿನ್ನ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ನನಗೆ ತಲೆ ಕೆಟ್ಟಿದೆಯೇ? ಕಚೇರಿಯವರು ಕಾಲು ಹಿಡಿದರೆ ವಾಪಸು ಸೇರಿಸಿಕೊಳ್ಳುತ್ತಾರೆಯೇ? ನಾನು ಊರ ನಾಯಿಗಳ ಹಿಂದೆ ಅಲೆಯುತ್ತಿದ್ದರೆ ಅಪ್ಪನನ್ನು ನೋಡಿಕೊಳ್ಳುವವರು ಯಾರು? ಮೊದಲ ಎರಡಕ್ಕೆ ಈಗಲೇ ಉತ್ತರ ಬರೆಯುತ್ತೇನೆ. ಮೂರನೆಯದಕ್ಕೂ ಉತ್ತರ ಸಿದ್ಧವಿದೆ, ಅದನ್ನು ಬರೆಯಲು ಸ್ವಲ್ಪ ಧೈರ್ಯ ಬೇಕು. ತಾಳ್ಮೆಯಿಂದ ಓದು.

ನೀನು ಕಾಲೇಜಿಗೆ ಸೇರಿದ ವಾರವೇ ನಾನು ವಿಮಾ ಕಚೇರಿಯ ದಾಖಲೆ ವಿಭಾಗಕ್ಕೆ ಸೇರಿದೆ. ಆಗ ಅಪ್ಪ ಹೇಳಿದ್ದು ನಿನಗೂ ನೆನಪಿರಬೇಕು, "ಮನೇಲಿ ಒಬ್ರು ಓದಿದ್ರೆ ಸಾಕು." ಆ ಒಬ್ಬ ಯಾರು ಎಂದು ನಾವಿಬ್ಬರೂ ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಕಬ್ಬಿಣದ ಬೀರುವೊಂದಕ್ಕೆ ಮುಖ ಮಾಡಿಕೊಂಡು ಕೂತೆ. ಬಂದ ಕಾಗದಕ್ಕೆ 'ಸ್ವೀಕರಿಸಲಾಗಿದೆ' ಎಂದು ಮೊಹರು ಒತ್ತುವುದು, ದಾರ ಕಟ್ಟುವುದು, ಬೀರುವಿಗೆ ತಳ್ಳುವುದು. ಹೋದ ಮಳೆಗಾಲದಲ್ಲಿ ಪಕ್ಕದ ಕಟ್ಟಡದ ಹಲ್ಲಿನ ಡಾಕ್ಟರಮ್ಮ ಕಾಲು ಮುರಿದುಕೊಂಡು, ಒಂದು ವಾರ ತನ್ನ ನಾಯಿಯನ್ನು ಅಡ್ಡಾಡಿಸಿಕೊಂಡು ಬರುತ್ತೀಯಾ ಎಂದು ಕೇಳಿದಳು. ಆ ನಾಯಿ ಸೋಮಾರಿಗಳ ರಾಜ, ನಡುರಸ್ತೆಯಲ್ಲಿ ಕೂತರೆ ಬಸ್ಸು ಹಾರನ್ ಹೊಡೆದರೂ ಏಳುವುದಿಲ್ಲ. ಅದನ್ನು ಎಬ್ಬಿಸಲು ಬೈದು, ರಮಿಸಿ, ಕೊನೆಗೆ ನಾನೂ ಅದರ ಪಕ್ಕದಲ್ಲೇ ಕೂತು ನಕ್ಕುಬಿಟ್ಟೆ. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತು ಎಂದು ಲೆಕ್ಕ ಹಾಕಲು ಹೋಗಿ ಗಾಬರಿಯಾಯಿತು. ಎರಡು ತಿಂಗಳಲ್ಲಿ ಇನ್ನೂ ಐದು ಮನೆಯವರು ಕೇಳಿದರು, ನಾನು ರಾಜೀನಾಮೆ ಕೊಟ್ಟೆ. ಬೀಳ್ಕೊಡುಗೆಯ ದಿನ ವಿಭಾಗದ ಮುಖ್ಯಸ್ಥರು ಗೋಡೆ ಗಡಿಯಾರ ಕೊಟ್ಟು ಕೈಕುಲುಕಲು ಬಂದವರು, ನನ್ನ ತೋಳಿನ ಮೇಲಿನ ನಾಯಿಕೂದಲು ಕಂಡು ಕೈಯನ್ನು ಹಾಗೇ ಕಿಸೆಗೆ ಇಳಿಸಿದರು. ಇಂಥವರ ಕಾಲು ಹಿಡಿಯಬೇಕಂತೆ! ಸದ್ಯಕ್ಕೆ ತಲೆ ನೆಟ್ಟಗಿದೆ, ನೀನು ಚಿಂತೆ ಮಾಡಬೇಡ.

ಈ ಕೆಲಸದಲ್ಲಿ ನಾಯಿಗಿಂತ ಕಷ್ಟ ನಾಯಿಯ ಮನೆಯವರದು. ಬಾಗಿಲಲ್ಲಿ ನಿಂತು ಮುದ್ದು ಮಾಡುತ್ತಾರೆ, ಹೋಗಿ ಬಾ ಕಂದ ಎಂದು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾರೆ, ಏನೋ ಅನಾಹುತವಾಗಲಿದೆ ಎಂದು ನಾಯಿ ಹೆಜ್ಜೆ ಕೀಳುವುದಿಲ್ಲ. ಸುಮ್ಮನೆ ನಾಯಿಯ ಕೊರಳಿನ ಪಟ್ಟಿ ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಎಂದು ಗದರಿಸಬೇಕು. ನಮ್ಮ ಬೀದಿಯ ದರ್ಜಿ ಒಬ್ಬನೇ ಅದನ್ನು ಹೇಳದೆ ತಿಳಿದವನು. ಅವನದು ಒಂದು ಕಂದು ಬಣ್ಣದ ಮುದಿ ನಾಯಿ, ಒಂದು ಕಿವಿ ಕೇಳಿಸದು. ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಪಟ್ಟಿ ನೀಡುತ್ತಿದ್ದ, ನಾನು ಬೀದಿಯ ತಿರುವು ದಾಟಿದ ಮೇಲೆ ಹೊರಗೆ ಬಂದು ನೋಡುತ್ತಿದ್ದನಂತೆ. ಪಕ್ಕದ ಅಂಗಡಿಯವಳು ಹೇಳಿದಳು.

ಇನ್ನು ಅಪ್ಪನ ವಿಷಯ. ನಾನು ಕೆಲಸ ಬಿಟ್ಟ ದಿನದಿಂದ ಅವರು ನನ್ನನ್ನು ಮಗಳೆಂದು ಕರೆದಿಲ್ಲ. ಬಂದವರ ಮುಂದೆ "ನಾಯಿ ಆಳು ಬಂದ್ಲು ನೋಡಿ" ಎಂದು ಪರಿಚಯಿಸುತ್ತಾರೆ. ಜಡ್ಜರ ಹೆಂಡತಿ ತಮ್ಮ ನಾಯಿಯ ವಿಷಯ ಮಾತಾಡಲು ಮನೆಗೆ ಬಂದಾಗ, ನಾನು ಒಳಗೆ ನೀರು ತರಲು ಹೋದ ಹೊತ್ತಿನಲ್ಲಿ, ನನಗೆ ಆಗಾಗ ತಲೆ ತಿರುಗಿ ಬೀಳುವ ಕಾಯಿಲೆಯಿದೆ ಎಂದು ಹೇಳಿ ಕಳಿಸಿಬಿಟ್ಟರು. ನಾನು ನುಂಗಿಕೊಂಡೆ. ಎಂಬತ್ತು ದಾಟಿದವರು, ಮಗಳ ಸಂಬಳದ ಕೆಲಸವೇ ಅವರ ಮರ್ಯಾದೆಯಾಗಿತ್ತು ಎಂದು ಸಮಾಧಾನ ಹೇಳಿಕೊಂಡೆ. ಎರಡು ವಾರದ ಹಿಂದೆ ಅವರ ದಿಂಬಿನ ಹೊದಿಕೆ ಬದಲಿಸುವಾಗ ನೀನು ಅವರಿಗೆ ಬೇರೆಯಾಗಿ ಬರೆದ ಪತ್ರ ಸಿಕ್ಕಿತು. ನಿನ್ನ ಅಕ್ಷರ ಎಷ್ಟು ದುಂಡಗಿದೆ, ಓದಲು ಒಂದು ಚೂರೂ ಕಷ್ಟವಾಗಲಿಲ್ಲ. "ನೀವೇ ಏನಾದ್ರೂ ಮಾಡಿ ಅವಳ ಹುಚ್ಚು ಬಿಡಿಸಿ. ಒಂದು ನಾಯಿಗೆ ಹೆಚ್ಚುಕಮ್ಮಿ ಆದ್ರೆ ತಾನಾಗಿ ಕಚೇರಿಗೆ ಓಡ್ತಾಳೆ."

ಆ ಪತ್ರ ಸಿಕ್ಕಿದ್ದು ಸೋಮವಾರ. ಅದಕ್ಕೆ ಮೂರು ದಿನ ಮೊದಲು, ಶುಕ್ರವಾರ, ದರ್ಜಿಯ ನಾಯಿ ಸತ್ತಿತ್ತು. ಅಂದು ಮಳೆ ಬಂದಿತೆಂದು ಅದನ್ನು ನಮ್ಮ ಅಂಗಳದ ಮಾಡಿನ ಕೆಳಗೆ ಬಿಟ್ಟು, ಒರೆಸಲು ಟವೆಲ್ ತರಲು ಒಳಗೆ ಬಂದಿದ್ದೆ. ಹೊರಗೆ ಹೋದಾಗ ಗೇಟು ಹಾರುಹೊಡೆದಿತ್ತು. ರಸ್ತೆಯಲ್ಲಿ ಬ್ರೆಡ್ಡಿನ ವ್ಯಾನು ನಿಂತಿತ್ತು, ಚಾಲಕ ತಲೆ ಹಿಡಿದುಕೊಂಡು ಕೂತಿದ್ದ. ಒಂದು ಕಿವಿ ಕೇಳದ ನಾಯಿ, ಹಾರನ್ ಯಾವ ಕಡೆಯದೆಂದು ಅದಕ್ಕೆ ತಿಳಿದಿರಲಿಕ್ಕಿಲ್ಲ. ಅಪ್ಪ ಆ ಮಾಡಿನ ಕೆಳಗೇ ಕುರ್ಚಿಯಲ್ಲಿದ್ದರು. "ಗಾಳಿಗೆ ತೆಗೀತು ಕಣೇ" ಅಂದರು. ನಮ್ಮ ಗೇಟನ್ನು ಬಲ್ಲ ನಿನಗೆ ವಿವರಿಸಬೇಕೇ? ಅದನ್ನು ಮೊದಲು ಮೇಲೆತ್ತಬೇಕು, ಆಮೇಲೆ ಒಳಕ್ಕೆ ಎಳೆಯಬೇಕು, ಆಗಲೇ ಚಿಲಕ ಬಿಡುತ್ತದೆ. ಹತ್ತನೆಯ ವಯಸ್ಸಿನವರೆಗೂ ನಿನಗೇ ಅದು ಬಗ್ಗುತ್ತಿರಲಿಲ್ಲ. ಅಂದು ಅಪ್ಪನ ಅಂಗೈ ಮೇಲೆ ಕೆಂಪು ತುಕ್ಕು ಅಂಟಿತ್ತು. ನಾನೇ ಸೋಪು ಹಾಕಿ ತೊಳೆದೆ.

ದರ್ಜಿಗೆ ಹೇಳಲು ನಾನೇ ಹೋದೆ. ಅವನು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಯಂತ್ರ ನಿಲ್ಲಿಸಿ, "ಪಟ್ಟಿ ಎಲ್ಲಿ?" ಎಂದ, ಅಷ್ಟೇ. ಕೊಟ್ಟೆ. ಅದನ್ನು ಅಳತೆಯ ಟೇಪಿನ ಪಕ್ಕದ ಮೊಳೆಗೆ ನೇತುಹಾಕಿ ಮತ್ತೆ ಹೊಲಿಯಲು ಕೂತ. ನಾನು ಬೀದಿಯಲ್ಲೇ ಅತ್ತೆ, ಯಾರು ನೋಡಿದರೇನು. ನೀವಿಬ್ಬರೂ ಎಣಿಸಿದ ಹಾಗೆ ಕಚೇರಿಗೆ ಓಡಲಿಲ್ಲ. ಉಳಿದ ಐದು ಮನೆಗೂ ಹೋಗಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಇಬ್ಬರು ಬಾಗಿಲು ಹಾಕಿದರು. ಮೂವರು ಒಂದೇ ಮಾತು ಕೇಳಿದರು, "ನಿಮ್ಮ ತಂದೆ ಇನ್ನೂ ಅಲ್ಲೇ ಇರ್ತಾರಾ?" ಅವರಿಗೆ ಕೊಟ್ಟ ಉತ್ತರವೇ ನಿನ್ನ ಮೂರನೆಯ ಪ್ರಶ್ನೆಗೂ ಉತ್ತರ.

ಅಪ್ಪನನ್ನು ಕಣ್ತುಂಬ ನೋಡುವ ಆಸೆ ಎಂದು ನೀನು ಹದಿನೈದು ವರ್ಷದಿಂದ ಪ್ರತಿ ಪತ್ರದ ಕೊನೆಗೆ ಬರೆಯುತ್ತೀಯ. ಒಳ್ಳೆಯ ಆಸೆ. ಅವರಿಗೂ ನೀನೆಂದರೆ ಪ್ರಾಣ. ನಾನು ತಟ್ಟೆ ಮುಂದಿಟ್ಟರೂ, ನೀನು ಚಿಕ್ಕವನಿದ್ದಾಗ ಹೇಗೆ ತಿನ್ನುತ್ತಿದ್ದೆ ಎಂಬುದೇ ಮಾತು. ನಿನ್ನ ಹೆಂಡತಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಬೆನ್ನು ಬೇಗ ಗುಣವಾಗಲಿ, ನಿನ್ನ ಮನೆ ತುಂಬಿರಲಿ.

ಇಂತಿ, ಬೈದರೂ ನಿನ್ನವಳೇ ಆದ
ಅಕ್ಕ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಈ ಪತ್ರ ನಿನಗೆ ಶುಕ್ರವಾರ ಸಿಗುತ್ತದೆ. ಅಪ್ಪ ಗುರುವಾರ ಸಂಜೆಯ ರೈಲು ಹತ್ತುತ್ತಾರೆ, ಶನಿವಾರ ಬೆಳಗ್ಗೆ ಏಳಕ್ಕೆ ನಿನ್ನ ಊರಲ್ಲಿ ಇಳಿಯುತ್ತಾರೆ. ಪ್ಲಾಟ್‌ಫಾರ್ಮಿನಲ್ಲೇ ಇರು, ಮೆಟ್ಟಿಲು ಇಳಿಯಲು ಕೈ ಕೊಡಬೇಕು. ಮಾತ್ರೆಗಳು ಚೀಲದ ಹೊರ ಜೇಬಿನಲ್ಲಿವೆ. ಹೋಗುವ ಟಿಕೆಟ್ ಮಾತ್ರ ತೆಗೆದಿದ್ದೇನೆ, ಅವರ ಕೋಣೆ ಇನ್ನು ನಾಯಿಗಳಿಗೆ ಬೇಕು. ನೀನೇ ಕರೆಸಿಕೊಳ್ಳುತ್ತಿದ್ದೀಯ ಎಂದು ಅವರಿಗೆ ಹೇಳಿದ್ದೇನೆ. "ನಿಜವಾಗ್ಲೂ ಅವನೇ ಬರೆದಿದ್ದಾನಾ?" ಎಂದು ಮೂರು ಸಲ ಕೇಳಿದರು, ಮೂರು ಸಲವೂ ಹೌದೆಂದೆ. ಬೆಳಗಿನಿಂದ ಬೂಟಿಗೆ ಪಾಲಿಶ್ ಹಾಕುತ್ತಿದ್ದಾರೆ, ಕ್ಷೌರಿಕನಿಗೂ ಹೇಳಿ ಬಂದಿದ್ದಾರೆ. ನೀನು ಕರೆದಿರಲಿಲ್ಲ ಎಂಬುದನ್ನು ಹೇಳಬೇಕಾದರೆ ನೀನೇ ಹೇಳು, ಅದೊಂದು ನನ್ನ ಕೈಲಾಗಲಿಲ್ಲ.