ಮೂವತ್ತಕ್ಕೆ ಮೂವತ್ತು

ಗುರುವಾರ, ಮಧ್ಯಾಹ್ನ

ನನ್ನ ಮುದ್ದಿನ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ಎರಡು ಬೀದಿ ಆಚೆ ಇರುವ ಮಗಳಿಗೆ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ನೀನು ಹುಬ್ಬೇರಿಸುತ್ತೀಯ. ಏನು ಮಾಡಲಿ? ಫೋನಿನಲ್ಲಿ ನನ್ನ ಮಾತು ಮುಗಿಯಲು ನೀನು ಬಿಡುವುದಿಲ್ಲ. ಎದುರಿಗೆ ಬಂದರೆ ನಾನೇ ಏನಾದರೂ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ. ನಿನ್ನೆ ಹೇಳಿಯೇಬಿಡಬೇಕೆಂದು ನಿಮ್ಮ ಮನೆಗೆ ಬಂದವಳು ಟೀ ಕುಡಿದು, ಹೊಸ ಪರದೆಯ ಬಣ್ಣ ಹೊಗಳಿ, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ವಾಪಸಾದೆ. ನಿಂತುಕೊಂಡು ಓದಬೇಡ, ಕೂತು ಓದು.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೋಮವಾರದಿಂದ ಬಟಾಣಿಯನ್ನು ನನ್ನ ಹತ್ತಿರ ಬಿಡಬೇಡ.

ನಿನ್ನ ಮಗಳು ಬಟಾಣಿ ನನ್ನ ಜೀವ, ಅದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ನಿನ್ನ ತಾಪತ್ರಯವೂ ನನಗೆ ಗೊತ್ತು. ವಿಶ್ವವಿದ್ಯಾಲಯದ ಅಧ್ಯಯನಕ್ಕೆಂದು ನೀನು ಬೇರೆ ಊರಿಗೆ ಹೋಗಿ, ಒಂಟಿಯಾಗಿರುವ ವಯಸ್ಸಾದವರ ಮನೆ ಮನೆ ಸುತ್ತಬೇಕು. ಅಳಿಯಂದಿರು ಹಡಗಿನಲ್ಲಿ ಯಾವ ಸಮುದ್ರದ ನಡುವೆ ಇದ್ದಾರೋ. ಅಮ್ಮ ಇದ್ದಾಳಲ್ಲ, ತಲೆ ಚುರುಕಾಗಿದೆ ಎಂದು ಡಾಕ್ಟರೇ ಹೇಳಿದ್ದಾರಲ್ಲ ಎಂದು ನೀನು ನಿಶ್ಚಿಂತೆಯಿಂದ ಬಟ್ಟೆ ಜೋಡಿಸುತ್ತಿದ್ದೀಯ. ಆ ನಿಶ್ಚಿಂತೆಗೆ ಆಧಾರವಿಲ್ಲ ಎಂದು ಹೇಳಲೆಂದೇ ಈ ಕಾಗದ.

ಹೋದ ವರ್ಷ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ನೀನು ಸಂಜೆ ಸಂಜೆ ನನ್ನ ಅಡುಗೆಮನೆಗೆ ಬಂದು ನಿಮ್ಮ ಮರೆವಿನ ಪರೀಕ್ಷೆಯ ಪ್ರಶ್ನೆಗಳನ್ನು ನನ್ನ ಮೇಲೆ ಅಭ್ಯಾಸ ಮಾಡುತ್ತಿದ್ದೆಯಲ್ಲ. ಎಲ್ಲರನ್ನೂ ಒಂದೇ ದನಿಯಲ್ಲಿ ಕೇಳಬೇಕು, ಉತ್ತರ ಸರಿಯೋ ತಪ್ಪೋ ಮುಖದಲ್ಲಿ ತೋರಗೊಡಬಾರದು ಎಂದು ನಿನ್ನ ಮೇಡಂ ತಾಕೀತು ಮಾಡಿದ್ದರು. ನೀನೋ, ಮೂಗಿನ ತುದಿಯಲ್ಲೇ ಕೋಪವನ್ನೂ ಖುಷಿಯನ್ನೂ ಇಟ್ಟುಕೊಂಡು ಹುಟ್ಟಿದವಳು. ಹೆತ್ತ ತಾಯಿಗೇ ಪೊಲೀಸ್ ವಿಚಾರಣೆಯಾ ಎಂದು ನಾನು ಗೋಳು ಹೊಯ್ದುಕೊಳ್ಳುತ್ತಿದ್ದೆ. ಐದು ಪದ ಹೇಳುವುದು, ಆಮೇಲೆ ಬೇರೇನೋ ಮಾತಾಡಿ ಆ ಪದಗಳನ್ನು ವಾಪಸು ಕೇಳುವುದು. ನೂರರಿಂದ ಏಳೇಳು ಕಳೆಯುತ್ತಾ ಹೋಗು ಎನ್ನುವುದು. ಗಡಿಯಾರದ ಚಿತ್ರ ಬರೆಸುವುದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಊರಿನ ನಂಬರುಗಳನ್ನು ತಲೆಯಲ್ಲಿ ಇಟ್ಟುಕೊಂಡು ಕೆಲಸ ಮಾಡಿದವಳು ನಾನು. ತಿಂಗಳುಗಟ್ಟಲೆ ಅದನ್ನೇ ಕೇಳಿದರೆ ಬಾಯಿಪಾಠವಾಗದೆ ಇರುತ್ತದೆಯೇ?

ಈಚೆಗೆ ಬೇಕರಿಯಿಂದ ಬರುವಾಗ ದಾರಿ ತಪ್ಪಿ ನಾನು ಚಪ್ಪಲಿ ರಿಪೇರಿಯವನ ಪಕ್ಕ ಕೂತುಬಿಟ್ಟೆನಲ್ಲ, ಆಗ ನೀನು ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮನೆಯವರು ಹೊರಗಿರಬೇಕೆಂದು ನಿನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಒಳಗೆ ಆ ಎಳೆ ಡಾಕ್ಟರು ಬಾಯಿ ತೆರೆದಕೂಡಲೇ ನನಗೆ ಗೊತ್ತಾಯಿತು. ಛತ್ರಿ, ಕುದುರೆ, ಕಿಟಕಿ, ನಿಂಬೆಹಣ್ಣು, ಕತ್ತರಿ. ಅವೇ ಪದಗಳು, ಅದೇ ಕ್ರಮ. ನಿಮ್ಮವರು ತಯಾರಿಸಿದ ಪ್ರಶ್ನೆಗಳನ್ನೇ ಆಸ್ಪತ್ರೆಯಲ್ಲೂ ಬಳಸುತ್ತಾರೆಂದು ಕಾಣುತ್ತದೆ. ನಾನು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದೆ. ತಾರೀಕು ಕೇಳಿದರೆ ಇರಲಿ ಎಂದು ಚೀಟಿ ಕೊಡುವವನನ್ನು ಕೇಳಿ ಬಾಯಲ್ಲೇ ಇಟ್ಟುಕೊಂಡು ಹೋಗಿದ್ದೆ. ಮೂವತ್ತಕ್ಕೆ ಮೂವತ್ತು ಎಂದು ಡಾಕ್ಟರು ಬಾಗಿಲು ತೆಗೆದು ನಿನಗೆ ಹೇಳಿದಾಗ ನೀನು ಎಲ್ಲರೆದುರು ನನ್ನನ್ನು ತಬ್ಬಿಕೊಂಡು ಅತ್ತೆ. ನಿಜ ಹೇಳುವ ಬದಲು ನಾನು ನಿನ್ನ ಕಣ್ಣೊರೆಸಿದೆ.

ಆ ಐದು ಪದಗಳನ್ನು ಈಗಲೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ. ಬೆಳಿಗ್ಗೆ ತಿಂಡಿ ತಿಂದೆನೋ ಇಲ್ಲವೋ ಎಂಬುದನ್ನು ಮಾತ್ರ ಸಿಂಕಿನಲ್ಲಿರುವ ತಟ್ಟೆ ನೋಡಿ ತಿಳಿದುಕೊಳ್ಳಬೇಕು.

ನಿನಗೂ ಒಳಗೊಳಗೆ ಅನುಮಾನ ಬಂದಿರಬಹುದು. ಬಂದಿದ್ದರೂ ನುಂಗಿಕೊಂಡಿರುತ್ತೀಯ, ಅದಕ್ಕೆ ನಾನು ನಿನ್ನನ್ನು ದೂರುವುದಿಲ್ಲ. ನಾನೂ ಅದನ್ನೇ ಮಾಡಿದೆ. ಒಂದು ದಿನ ಊಟಕ್ಕೆ ಕೂತಾಗ ನೀನೇ, ಹೆಸರು ಹೇಳದೆ, ಊರು ಹೇಳದೆ, ನಿಮ್ಮ ಅಧ್ಯಯನದಲ್ಲಿ ಸಿಕ್ಕ ಒಬ್ಬ ಹೆಂಗಸಿನ ಕಥೆ ಹೇಳಿದ್ದೆ. ಅವಳಿಗೆ ಮರೆವು ಎಂದು ಗೊತ್ತಾದ ಮೇಲೆ ಮಕ್ಕಳು ಮೊದಲು ಅವಳ ಒಲೆ ತೆಗೆಸಿದರು, ಆಮೇಲೆ ಬೀಗದ ಕೈ ತೆಗೆದುಕೊಂಡರು, ಕೊನೆಗೆ ಅವಳ ಎದುರಿಗೇ ಅವಳ ವಿಷಯವನ್ನು ಗೋಡೆಯ ಮುಂದೆ ಮಾತಾಡಿದ ಹಾಗೆ ಮಾತಾಡತೊಡಗಿದರು ಎಂದೆಯಲ್ಲ. ನೀನು ಅನ್ನ ಬಡಿಸಿಕೊಳ್ಳುತ್ತಾ ಹೇಳಿದೆ. ಅವತ್ತಿನಿಂದ ನಾನು ನಿನ್ನೆದುರು ಹುಷಾರಾಗಿ ನಡೆದುಕೊಳ್ಳುತ್ತಿದ್ದೇನೆ. ಗೊತ್ತಿಲ್ಲದ್ದಕ್ಕೆ ನಗುತ್ತೇನೆ, ನೆನಪಾಗದ್ದಕ್ಕೆ ನಿನ್ನನ್ನೇ ತಿರುಗಿ ಕೇಳುತ್ತೇನೆ.

ನನ್ನೊಬ್ಬಳದೇ ವಿಷಯವಾಗಿದ್ದರೆ ಇನ್ನೂ ಸ್ವಲ್ಪ ದಿನ ಹಾಗೇ ತಳ್ಳುತ್ತಿದ್ದೆನೇನೋ. ಆದರೆ ಕಳೆದ ವಾರ ನಡೆದದ್ದು ಕೇಳು.

ನೀನು ಮೀಟಿಂಗಿಗೆ ಹೋಗಿದ್ದೆ. ಬಟಾಣಿ ಮಣ್ಣಿನಲ್ಲಿ ಹೊರಳಾಡಿ ಬಂದಿದ್ದಳು, ಸ್ನಾನಕ್ಕೆ ಕೂರಿಸಿದೆ. ತಲೆಗೆ ಸೋಪು ಹಾಕಿ, ಬಕೆಟ್ಟಿಗೆ ಬಿಸಿನೀರು ಬಿಟ್ಟು, ನಾನು ಬರೋವರೆಗೂ ಕಣ್ಣು ಬಿಡಬೇಡ ಎಂದು ಹೇಳಿ ಟವೆಲ್ ತರಲು ಕೋಣೆಗೆ ಹೋದೆ. ಅಲ್ಲಿ ಒಗೆದ ಬಟ್ಟೆಗಳ ರಾಶಿ ಕಂಡಿತು. ಕೂತು ಮಡಚತೊಡಗಿದೆ. ಎಲ್ಲೋ ನೀರು ಸುರಿಯುತ್ತಿತ್ತು. ಯಾರೋ ನಲ್ಲಿ ಬಿಟ್ಟು ಮರೆತಿದ್ದಾರೆ, ಎಂಥಾ ಜನ ಎಂದು ಬೈದುಕೊಂಡೆ, ಪುಟ್ಟಿ. ಒಂದು ಮಗು ಹಾಡುತ್ತಿದ್ದುದೂ ಕೇಳಿಸುತ್ತಿತ್ತು. ಪಕ್ಕದ ಮನೆಯದಿರಬೇಕು ಎಂದುಕೊಂಡೆ. ಆಮೇಲೆ ಹಾಡು ನಿಂತಿತು. ಆಗಲೂ ನಾನು ಏಳಲಿಲ್ಲ. ನಿನ್ನ ನೀಲಿ ಅಂಗಿಯ ತೋಳು ಸರಿಮಾಡುತ್ತಾ ಕೂತಿದ್ದೆ.

ಕೊನೆಗೆ ಎದ್ದದ್ದು ನೀರಿನ ಸದ್ದು ಸಹಿಸಲಾಗದೆ, ಮಗುವಿನ ನೆನಪಾಗಿ ಅಲ್ಲ. ಬಾಗಿಲು ತಳ್ಳಿದರೆ ಬಚ್ಚಲ ತುಂಬ ಹಬೆ. ಬಕೆಟ್ಟು ತುಂಬಿ ಕುದಿಯುವಂಥ ನೀರು ನೆಲದ ಮೇಲೆ ಹರಿಯುತ್ತಿತ್ತು. ಬಟಾಣಿ ಮೂಲೆಗೆ ಸರಿದು, ಮಣೆಯ ಮೇಲೆ ಕಾಲು ಮಡಚಿಟ್ಟುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಳು. ಸೋಪಿನ ನೊರೆ ಕೆನ್ನೆಯ ಮೇಲೆಲ್ಲ ಇಳಿದಿತ್ತು. ನನ್ನ ಹೆಜ್ಜೆ ಕೇಳಿ, "ಅಜ್ಜೀ, ಈಗ ಕಣ್ಣು ಬಿಡ್ಲಾ?" ಎಂದಳು.

ಮೈಮೇಲೆ ಒಂದು ಗುಳ್ಳೆಯೂ ಎದ್ದಿರಲಿಲ್ಲ, ಅದು ನಮ್ಮ ಪುಣ್ಯ. ಇನ್ನೂ ನಾಚಿಕೆಯ ಮಾತೆಂದರೆ, ಅಮ್ಮನಿಗೆ ಹೇಳಬೇಡ ಎಂದು ನಾನು ಆ ಮಗುವಿನ ಕೈಯಲ್ಲಿ ಆಣೆ ಹಾಕಿಸಿಕೊಂಡೆ. ಅವಳು ಹೇಳಿಲ್ಲ. ನಾಲ್ಕು ವರ್ಷದ ಕೂಸು ಅಜ್ಜಿಯನ್ನು ಕಾಪಾಡುತ್ತಿದೆ.

ಈಗಲೂ ಅವಳು ನನ್ನ ಪಕ್ಕದಲ್ಲೇ ಮಲಗಿದ್ದಾಳೆ, ನೀನೇ ಊಟವಾದ ಮೇಲೆ ಬಿಟ್ಟು ಹೋದೆ. ಬೇಡ ಎನ್ನಲು ಇವತ್ತೂ ಬಾಯಿ ಬರಲಿಲ್ಲ. ಒಲೆ ಆರಿಸಿ, ಬಚ್ಚಲಿಗೆ ಚಿಲಕ ಹಾಕಿ, ಅವಳ ಎರಡು ಪಾದಗಳನ್ನೂ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಆ ಭಾರ ಇದ್ದರೆ ಮರೆಯುವುದಿಲ್ಲ ಎಂಬ ಧೈರ್ಯ.

ಡಾಕ್ಟರ ಹತ್ತಿರ ಮತ್ತೆ ಕರೆದುಕೊಂಡು ಹೋಗು. ನಾನು ಕೇಳಿಲ್ಲದ ಪ್ರಶ್ನೆಗಳಿದ್ದರೆ ಅವನ್ನು ಕೇಳಲಿ. ಎಷ್ಟು ಬರುತ್ತದೋ ಬರಲಿ. ಒಲೆ ತೆಗೆಸುವುದಿದ್ದರೆ ತೆಗೆಸು, ಆದರೆ ಮೊದಲು ನನಗೆ ಹೇಳಿ ತೆಗೆಸು. ನನಗೆ ತುಂಬ ಭಯವಾಗುತ್ತಿದೆ, ಪುಟ್ಟಿ. ಇಷ್ಟು ದಿನ ನನಗಾಗಿ ಹೆದರುತ್ತಿದ್ದೆ. ಈಗ ನನ್ನನ್ನು ಕಂಡರೇ ಹೆದರಿಕೆ.

ನಿನ್ನ ಮೇಲೆ ಪ್ರಾಣವಿಟ್ಟಿರುವ
ಅಮ್ಮ

ಮರೆತ ಮಾತು: ಲಕೋಟೆ ತರಲು ಒಳಗೆ ಹೋಗಿದ್ದೆ. ಬಂದಾಗ ಮಂಚದ ಮೇಲೆ ಒಂದು ಮಗು ಎದ್ದು ಕೂತು ಕಣ್ಣುಜ್ಜಿಕೊಳ್ಳುತ್ತಿತ್ತು. ಯಾರ ಮನೆ ಮಗುವಮ್ಮಾ ನೀನು, ನಿಮ್ಮಮ್ಮ ಹುಡುಕಲ್ವಾ ಎಂದು ಕೇಳಿದೆ. ಆಟವೆಂದುಕೊಂಡು ಅವಳು ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿದ ಮೇಲೆ ನನಗೆ ಗುರುತು ಸಿಕ್ಕಿತು. ಸೋಮವಾರದ ಮಾತು ಬಿಡು, ಇವತ್ತೇ, ಈಗಲೇ. ಮೇಲಿನ ಮನೆಯ ದರ್ಜಿಯಮ್ಮನನ್ನು ಕೂಗಿ ಕರೆದಿದ್ದೇನೆ, ಅವರ ಕೈಯಲ್ಲಿ ಬಟಾಣಿಯನ್ನೂ ಈ ಕಾಗದವನ್ನೂ ನಿನ್ನ ಹತ್ತಿರ ಕಳಿಸುತ್ತಿದ್ದೇನೆ. ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ನಾಳೇನೂ ಯಾರ ಮಗು ಅಂತ ಕೇಳ್ತೀಯಾ ಅಜ್ಜೀ?" ಎಂದು ಪೀಡಿಸುತ್ತಿದ್ದಾಳೆ.