ಪಟ್ಟದ ಬಸವನಿಗೆ ಜ್ವರ

೬ ಫೆಬ್ರವರಿ ೧೯೬೪, ಕಂಬಂ

ಮತ್ತೆ ದೋಸೆ ಸೀದಿತು. ಅತ್ತೆ ನಕ್ಕರು: "ಕಾನ್ವೆಂಟ್‌ನಾಗೆ ಇದ ಹೇಳ್ಕೊಡಲಿಲ್ವಾ ಕಣ್ಣೂ?" ಮದುವೆಯಾಗಿ ಮೂರು ವಾರ. ಎಷ್ಟು ಸುಖಿ ನಾನು! ಇವರ ಯೂತ್ ಕ್ಲಬ್ಬಿಗೆ ಡೆನ್ಮಾರ್ಕಿನಿಂದ ಇಂಗ್ರಿಡ್ ಬಂದಿದ್ದಾಳೆ. ಬರೀ ಇಪ್ಪತ್ತೆರಡು ವರ್ಷ! ನಮ್ಮ ಹುಡುಗರೂ ಅವಳೂ ಸೇರಿ ಕಣಿವೆಯ ದನಗಳಿಗೆಲ್ಲ ದೊಡ್ಡರೋಗದ ಲಸಿಕೆ ಹಾಕುತ್ತಾರೆ. ದುಭಾಷಿ ಯಾರು? ನಾನೇ! ದಿಂಡಿಗಲ್ಲಿನಲ್ಲಿ ಕಲಿತ ಇಂಗ್ಲಿಷ್ ಕೊನೆಗೂ ಕೆಲಸಕ್ಕೆ ಬಂತು...

೮ ಫೆಬ್ರವರಿ

ದೇವರ ಮಂದೆಗೂ ಹಾಕಿದೆವು. ಕುಲದ ಮಂದೆ — ಈ ದನಗಳನ್ನು ಮಾರುವುದಿಲ್ಲ, ನೇಗಿಲಿಗೆ ಹೂಡುವುದಿಲ್ಲ. ಮಂದೆಗೆಲ್ಲ ಹಿರಿಯ ಹೋರಿಯೇ ಪಟ್ಟದ ಬಸವ. ಪೂಜಾರಿ ರಾಮರ್ ತಾತ ಒಪ್ಪಲು ಅರ್ಧ ದಿನ ಹಿಡಿಯಿತು. "ಪಟ್ಟದ ಬಸವನಿಗೇ ಊಸಿ ಚುಚ್ಚೋದಾ? ಏನಾರಾ ಆದ್ರೆ?" ಇಂಗ್ರಿಡ್ ತುಂಬ ಹೊತ್ತು ವಿವರಿಸಿದಳು. ನಾನು ಒಂದೇ ಮಾತು ಹೇಳಿದೆ: "ಒಂದೂ ಆಗಲ್ಲ ತಾತಾ." ತಕ್ಷಣ ಇವರು ಬಸವನ ಬೆನ್ನ ಮೇಲೆ ಕೈಯಿಟ್ಟು, "ಆದ್ರೆ ನಾ ಹೊಣೆ" ಅಂದರು.

ಅದು ಆಣೆಯಂತೆ. ಅತ್ತೆ ಈಗ ಹೇಳಿದರು. ಬಸವ ಸತ್ತರೆ ಆಣೆಯಿಟ್ಟವನು ಕುಲದಿಂದ ಹೊರಗೆ.

೧೧ ಫೆಬ್ರವರಿ

ಬಸವನಿಗೆ ಜ್ವರ. ಮೇವು ಮುಟ್ಟುತ್ತಿಲ್ಲ.

ಇಂಗ್ರಿಡ್ ಹೇಳಿದ್ದಳು — ಕೆಲವಕ್ಕೆ ಜ್ವರ ಬರುತ್ತದೆ ಅಂತ. ಅದನ್ನು ಹೇಳಿದರೆ ತಾತ ಒಪ್ಪುವುದಿಲ್ಲ ಅಂತ ನಾನೇ ಬಿಟ್ಟೆ. ಈಗ ಅವಳು ಲಸಿಕೆ ಹಾಕಲು ಬೋಡಿಗೆ ಹೋಗಿದ್ದಾಳೆ. ಇವರು ಕೇಳಿದರು: "ಒಂದೂ ಆಗಲ್ಲಾಂತ ಅವಳೇ ಅಂದ್ಲಲ್ವಾ?"

ಹೂಂ ಅಂದೆ. ದೇವರೇ, ಹೂಂ ಅಂದುಬಿಟ್ಟೆ.

೧೪ ಫೆಬ್ರವರಿ, ಬೆಳಿಗ್ಗೆ

ಬಸವ ಮಲಗಿದೆ, ಏಳುತ್ತಿಲ್ಲ. ಇವರು ನಿನ್ನೆಯಿಂದ ದೊಡ್ಡಿ ಬಿಟ್ಟು ಬಂದಿಲ್ಲ. ತಡೆಯಲಾರದೆ ಅಲ್ಲಿಗೇ ಓಡಿದೆ. ಎಲ್ಲರೆದುರು ಹೇಳಿದೆ. ತಪ್ಪು ಇವರದಲ್ಲ, ಇಂಗ್ರಿಡಳದೂ ಅಲ್ಲ. ಜ್ವರದ ಮಾತು ಮುಚ್ಚಿಟ್ಟವಳು ನಾನು.

ಬೈಯುತ್ತಾರೆಂದುಕೊಂಡಿದ್ದೆ. ರಾಮರ್ ತಾತ ಮೆಲ್ಲಗೆ ಕೇಳಿದರು: "ಇನ್ನೇನ್ ನುಂಗ್ದೆ, ತಾಯೀ?"

ಆಗ ನೆನಪಾಯಿತು. ಮೂರನೇ ದಿನವೂ ಮೇವು ಮುಟ್ಟದಿದ್ದರೆ ತಡಮಾಡದೆ ನನ್ನನ್ನು ಕರೆಸಿ, ಆಮೇಲೆ ಕೈಮೀರುತ್ತದೆ ಅಂದಿದ್ದಳು ಇಂಗ್ರಿಡ್. ಅದನ್ನೂ ಹೇಳಿಬಿಟ್ಟೆ.

ಇವತ್ತು ನಾಲ್ಕನೇ ದಿನ.

ಇವರು ಬಸ್ಸಿಗೂ ಕಾಯದೆ ಸೈಕಲ್ ಹತ್ತಿ ಬೋಡಿಗೆ ಹೊರಟರು. ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನ

ಇನ್ನೂ ಬಂದಿಲ್ಲ. ಅತ್ತೆ ಬಾಗಿಲಲ್ಲೇ ಕೂತಿದ್ದಾರೆ. ದೊಡ್ಡಿಯ ಕಡೆಯಿಂದ ಯಾರೋ ಕೂಗುತ್ತಿದ್ದಾರೆ. ಅತ್ತೆ ಓಡಿದರು. ನಾನೂ ಓಡುತ್ತೇನೆ, ಉಳಿದದ್ದು ಬಂದು...